ಅರ್ಧಪ್ಪ ಒಂದು ಸಾಲಿನಲ್ಲಿ ನಿಜ ಬರೆದದ್ದು

ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಆಸ್ಪತ್ರೆಯಲ್ಲಿ, ಬೀದಿಯಲ್ಲಿ, ಕೊನೆಗೆ ಕಟ್ಟಿಕೊಂಡ ಹೆಂಡತಿಯ ಬಾಯಲ್ಲೂ ಅವರು ಅರ್ಧಪ್ಪ. ನಲವತ್ತು ಹಾಸಿಗೆಗಳ ಸರ್ಕಾರಿ ಆಸ್ಪತ್ರೆಯೊಂದರ ಔಷಧ ಉಗ್ರಾಣವನ್ನು ಇಪ್ಪತ್ತಾರು ವರ್ಷ ಕಾದವರು. ಯಾವ ವಾರ್ಡಿನವರು ಏನು ಕೇಳಿ ಚೀಟಿ ಬರೆದರೂ ಕೆಂಪು ಪೆನ್ಸಿಲಿನಿಂದ ಆ ಸಂಖ್ಯೆಯನ್ನು ಹೊಡೆದು ಪಕ್ಕದಲ್ಲಿ ಅದರ ಅರ್ಧ ಬರೆಯುವುದು ಅವರ ಪದ್ಧತಿ. ನೂರು ಕೇಳಿದರೆ ಐವತ್ತು. ಏಳು ಕೇಳಿದರೆ ಮೂರು, ಏಕೆಂದರೆ ಮೂರೂವರೆ ಸಿರಿಂಜ್ ಕೊಡಲು ಬರುವುದಿಲ್ಲ, ಆ ಅರ್ಧವನ್ನು ಉಗ್ರಾಣದ ಪರವಾಗಿ ಉಳಿಸಬೇಕು.

ಇದು ಕಂಜೂಸುತನವಲ್ಲ, ಅನುಭವ. ಜಿಲ್ಲಾ ಡಿಪೋದವರು ಇವರು ಕೇಳಿದ್ದರಲ್ಲಿ ಅರ್ಧವನ್ನೇ ಕಳಿಸುತ್ತಿದ್ದರು. ಆದ್ದರಿಂದ ಇವರು ಡಿಪೋಗೆ ಎರಡರಷ್ಟು ಬರೆಯುತ್ತಿದ್ದರು. ಇವರು ಅರ್ಧ ಕೊಡುತ್ತಾರೆಂದು ಗೊತ್ತಿದ್ದ ವಾರ್ಡಿನವರು ಇವರಿಗೆ ಎರಡರಷ್ಟು ಬರೆಯುತ್ತಿದ್ದರು. ವಾರ್ಡಿನ ಮುಖ್ಯಸ್ಥರಿಗೆ ಚೀಟಿ ಕೊಡುವ ನರ್ಸ್ ಕೂಡ ಅದೇ ಗಾಳಿ ಕುಡಿದವಳಲ್ಲವೇ, ಅವಳೂ ಎರಡರಷ್ಟು. ಹೀಗೆ ಗಂಡಸರ ವಾರ್ಡಿನಲ್ಲಿ ವರ್ಷಕ್ಕೆ ನಿಜವಾಗಿ ಖರ್ಚಾಗುವ ಆರುನೂರು ಮೂತ್ರದ ನಳಿಕೆಗಳು ನರ್ಸಿನ ಕೈಯಲ್ಲಿ ಸಾವಿರದಿನ್ನೂರಾಗಿ, ಮುಖ್ಯಸ್ಥರ ಕೈಯಲ್ಲಿ ಎರಡು ಸಾವಿರದ ನಾನೂರಾಗಿ, ಅರ್ಧಪ್ಪನವರ ಕೈಯಲ್ಲಿ ನಾಲ್ಕು ಸಾವಿರದ ಎಂಟುನೂರಾಗಿ ಡಿಪೋ ತಲುಪುತ್ತಿದ್ದವು. ಡಿಪೋ ಅರ್ಧ ಕಳಿಸುತ್ತಿತ್ತು. ಅದರಲ್ಲಿ ಅರ್ಧಪ್ಪ ಅರ್ಧ ಕೊಡುತ್ತಿದ್ದರು. ವಾರ್ಡು ಅದರಲ್ಲಿ ಅರ್ಧ ಬಳಸಿ ಉಳಿದರ್ಧವನ್ನು ಫಾಲ್ಸ್ ಸೀಲಿಂಗಿನ ಮೇಲೆ ಬಚ್ಚಿಡುತ್ತಿತ್ತು. ಎಲ್ಲರ ಬಳಿಯೂ ಇತ್ತು, ಎಲ್ಲರೂ ಇಲ್ಲ ಎನ್ನುತ್ತಿದ್ದರು. ಇಷ್ಟೂ ವರ್ಷಗಳಲ್ಲಿ ಒಬ್ಬನೇ ಒಬ್ಬ ಒಂದು ಹತ್ತಿಯ ಉಂಡೆಯನ್ನೂ ಮನೆಗೆ ಒಯ್ದಿರಲಿಲ್ಲ. ಕಳ್ಳನಿದ್ದಿದ್ದರೆ ಹಿಡಿದು ಹೊರಗೆ ಹಾಕಬಹುದಿತ್ತು. ಇಲ್ಲಿದ್ದವರೆಲ್ಲ ಸಭ್ಯರು, ಬುದ್ಧಿವಂತರು, ತಮ್ಮ ರೋಗಿಯ ಬಗ್ಗೆ ಕಾಳಜಿ ಇದ್ದವರು. ಒಬ್ಬೊಬ್ಬರ ಭಯವೂ ಸರಿಯಾದ ಭಯ. ಅಷ್ಟು ಸರಿಯಾದ ಭಯಗಳನ್ನು ಒಟ್ಟು ಸೇರಿಸಿದರೆ ಹುಚ್ಚಾಸ್ಪತ್ರೆ.

ಅರ್ಧಪ್ಪನವರ ಮನೆಯಲ್ಲೂ ಇದೇ ನಡೆಯುತ್ತಿತ್ತು. ಹೆಂಡತಿಗೆ ಒಂದು ಸೋಪು ಬೇಕಿದ್ದರೆ ಎರಡು ತನ್ನಿ ಎನ್ನುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಅಪ್ಪನ ಬಳಿ ಎರಡು ಛತ್ರಿ ಕೇಳಿದವಳು. ಒಮ್ಮೆ ಮಾತ್ರ ಈ ಏರ್ಪಾಡು ಕೈಕೊಟ್ಟಿತು. ಮಗಳಿಗೆ ಬಂದ ಎರಡು ಸಂಬಂಧಗಳಲ್ಲಿ ಯಾವುದು ಅಂತ ಅರ್ಧಪ್ಪ ಕೇಳಿದಾಗ ಹೆಂಡತಿ, ಇದೊಂದರಲ್ಲಿ ನಾನು ಒಂದೇ ಕೇಳ್ತಿದೀನಿ, ಪೆನ್ಸಿಲ್ ಒಳಗಿಡಿ, ಎಂದರಂತೆ.

ಇಡೀ ಆಸ್ಪತ್ರೆಯಲ್ಲಿ ಅವರ ಕೆಂಪು ಪೆನ್ಸಿಲು ಮುಟ್ಟದ ಚೀಟಿ ಒಂದೇ ಇತ್ತು. ಅದು ಹೆರಿಗೆ ವಾರ್ಡಿನ ಸಿಸ್ಟರಮ್ಮನದು. ಮೂವತ್ತು ವರ್ಷ ಸರ್ವಿಸ್ ಆದ, ಮೊಣಕಾಲು ನೋವಿನ, ಯಾರ ಮುಖವನ್ನೂ ನೋಡದೆ ಮಾತಾಡುವ ಹೆಂಗಸು. ಹೆರಿಗೆಯಾದ ಕೂಡಲೇ ರಕ್ತ ನಿಲ್ಲಲು ಪ್ರತಿಯೊಬ್ಬ ತಾಯಿಗೂ ಒಂದು ಚುಚ್ಚುಮದ್ದು ಹಾಕಬೇಕು. ನಿಲ್ಲದಿದ್ದರೆ ಇನ್ನೂ ಎರಡೋ ಮೂರೋ. ತಂಪಿನಲ್ಲಿಡಬೇಕಾದ, ಕಿರುಬೆರಳಿನಷ್ಟು ಗಾಜಿನ ಶೀಷೆ. ಸಿಸ್ಟರಮ್ಮ ಗೋಡೆಗೆ ಒಂದು ಕರಿಹಲಗೆ ಹೊಡೆಸಿಕೊಂಡು ದಿನವೂ ಬರೆಯುತ್ತಿದ್ದರು: ತಾರೀಖು, ಹೆರಿಗೆ ಎಷ್ಟು, ಶೀಷೆ ಎಷ್ಟು ಖರ್ಚು, ಎಷ್ಟು ಉಳಿಯಿತು. ತಿಂಗಳಿಗೆ ಎಂಬತ್ತು ಬೇಕಿದ್ದರೆ ಎಂಬತ್ತು ಎಂದೇ ಚೀಟಿ. ಮೊದಲ ಸಲ ಅರ್ಧಪ್ಪ ಅದನ್ನು ನಲವತ್ತು ಮಾಡಿದಾಗ ಅವರು ಉಗ್ರಾಣಕ್ಕೆ ಬಂದು, ಯಾವ ನಲವತ್ತು ಹೆಂಗಸರಿಗೆ ಹಾಕಬಾರದು ಅಂತ ಹೆಸರು ಬರೆದುಕೊಡಿ, ಎಂದಿದ್ದರು. ಅಂದಿನಿಂದ ಎಂಬತ್ತಕ್ಕೆ ಎಂಬತ್ತು. ಡಿಪೋಗೆ ಮಾತ್ರ ಅರ್ಧಪ್ಪ ನೂರ ಅರವತ್ತು ಎಂದು ಬರೆಯುತ್ತಿದ್ದರು, ಅಲ್ಲಿಂದ ಎಂಬತ್ತು ಬರುತ್ತಿತ್ತು. ಸುಳ್ಳಿನ ಮೇಲೆ ನಿಂತಿದ್ದರೂ ಆ ಒಂದು ಶೀಷೆ ಆಸ್ಪತ್ರೆಯಲ್ಲಿ ಎಂದೂ ತಪ್ಪಿರಲಿಲ್ಲ.

ಆಮೇಲೆ ಸುಧಾರಣೆ ಬಂತು.

ಡಿಪೋದಲ್ಲಿ ಕಂಪ್ಯೂಟರು ಕೂತಿತು. ಸುತ್ತೋಲೆ ಬಂತು: ಇನ್ನು ಮುಂದೆ ಯಾರ ಬೇಡಿಕೆಯನ್ನೂ ಕಡಿತ ಮಾಡಲಾಗುವುದಿಲ್ಲ, ನಿಜವಾದ ಅಗತ್ಯವನ್ನು ಮಾತ್ರ ಬರೆಯಿರಿ, ಬರೆದದ್ದನ್ನು ಪೂರ್ತಿ ಕಳಿಸುತ್ತೇವೆ. ಓದಿದವರೆಲ್ಲ ನಕ್ಕರು. ಇದು ನಮ್ಮನ್ನು ಹಿಡಿಯೋ ಬಲೆ ಎಂದರು ಗಂಡಸರ ವಾರ್ಡಿನ ಮುಖ್ಯಸ್ಥರು, ಮತ್ತು ಆ ಸಲ ಮೂರರಷ್ಟು ಬರೆಯೋಣವೇ ಎಂದು ಕೇಳಿದರು. ಅರ್ಧಪ್ಪ ಒಂದು ಭಾನುವಾರ ಪೂರ್ತಿ ಆ ಫಾರಮ್ಮಿನ ಮುಂದೆ ಕೂತರು. ಇನ್ನೂರ ಹನ್ನೆರಡು ಸಾಲುಗಳು, ನಳಿಕೆಯಂಥವು ವರ್ಷದ ಲೆಕ್ಕದಲ್ಲಿ, ಕೆಡುವ ಮದ್ದುಗಳು ತಿಂಗಳ ಲೆಕ್ಕದಲ್ಲಿ. ನಿಜ ಬರೆಯೋಣವೆಂದು ಹೊರಟರೆ ನಿಜ ಯಾರಿಗೂ ಗೊತ್ತಿರಲಿಲ್ಲ. ಡ್ರೆಸ್ಸಿಂಗ್ ಮಾಡುವವನನ್ನು ಕರೆಸಿ ದಿನಕ್ಕೆ ಎಷ್ಟು ಗಾಯ ಕಟ್ಟುತ್ತೀಯ ಎಂದು ಕೇಳಿದರು. ಅವನು ತಲೆ ಕೆರೆದುಕೊಂಡು, ಗಾಯ ಯಾರು ಎಣಿಸ್ತಾರೆ ಸಾರ್, ಪಟ್ಟಿ ಮುಗಿಯೋವರೆಗೆ ಕಟ್ತೀನಿ, ಎಂದ.

ಇನ್ನೂರ ಹನ್ನೊಂದು ಸಾಲುಗಳಲ್ಲಿ ಅವರು ಹಳೆಯ ಸುಳ್ಳುಗಳನ್ನೇ ಬರೆದರು. ಒಂದೇ ಒಂದು ಸಾಲಿನಲ್ಲಿ ನಿಜ ಬರೆದರು. ಹೆರಿಗೆಯ ಚುಚ್ಚುಮದ್ದು: ಎಂಬತ್ತು. ಅದೊಂದರ ನಿಜ ಕರಿಹಲಗೆಯ ಮೇಲಿತ್ತು. ಇನ್ನೊಂದು ಕಾರಣವೂ ಇತ್ತು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮುಂದಿನ ತಿಂಗಳ ಇಪ್ಪತ್ತರ ಸುಮಾರಿಗೆ ಎಂದಿದ್ದರು ಡಾಕ್ಟರು. ಅವಳಿಗೆ ಹಾಕುವ ಮದ್ದಿನ ಸಾಲಿನಲ್ಲಾದರೂ ಸುಳ್ಳು ಬೇಡ ಎಂದು ಅರ್ಧಪ್ಪನವರಿಗೆ ಅನಿಸಿತು. ತಂದೆಯಾದವನಿಗೆ ಅನಿಸುವುದು ತಪ್ಪೇ?

ಮುಂದಿನ ತಿಂಗಳು ನಾಲ್ಕನೇ ತಾರೀಖು ಲಾರಿ ಬಂತು. ಮೊದಲು ಇಳಿದದ್ದು ನಾಲ್ಕು ಸಾವಿರದ ಎಂಟುನೂರು ಮೂತ್ರದ ನಳಿಕೆಗಳು. ಸುತ್ತೋಲೆ ಹೇಳಿದಂತೆಯೇ, ಒಂದೂ ಕಡಿಮೆಯಿಲ್ಲ. ಉಗ್ರಾಣ ತುಂಬಿತು, ಓಣಿ ತುಂಬಿತು, ದಂತ ವೈದ್ಯರ ಕೋಣೆಯಲ್ಲಿ ಕುರ್ಚಿ ಮಾತ್ರ ಉಳಿದು ರೋಗಿ ಡಬ್ಬಗಳ ನಡುವೆ ಬಾಯಿ ತೆರೆದು ಕೂರುವಂತಾಯಿತು. ಎರಡನೇ ಲಾರಿಯಲ್ಲಿ ಬಂದ ಕೈಗವಸುಗಳು ಇಡೀ ಊರು ಎರಡು ವರ್ಷ ಕೈ ತೊಳೆಯದೆ ಇರುವಷ್ಟಿದ್ದವು. ಅರ್ಧಪ್ಪ ಪಟ್ಟಿ ಹಿಡಿದು ಕೊನೆಯ ಡಬ್ಬ ಇಳಿಯುವವರೆಗೂ ನಿಂತರು. ಹೆರಿಗೆಯ ಚುಚ್ಚುಮದ್ದಿನ ತಂಪು ಪೆಟ್ಟಿಗೆ ಮಾತ್ರ ಇಳಿಯಲೇ ಇಲ್ಲ.

ಅವರು ಡಿಪೋಗೆ ಫೋನ್ ಹಚ್ಚಿದರು. ಅತ್ತ ಕಡೆಯವರು ಮರ್ಯಾದಸ್ಥರು, ಸಾವಧಾನವಾಗಿ ವಿವರಿಸಿದರು. ಹತ್ತು ವರ್ಷ ನಿಮ್ಮ ಬೇಡಿಕೆ ನೂರ ಅರವತ್ತು ಇತ್ತು, ಈ ಸಲ ಎಂಬತ್ತು. ಒಂದೇ ಏಟಿಗೆ ಅರ್ಧ ಕುಸಿದಿದೆ. ಬೇಡಿಕೆ ಕುಸಿಯುತ್ತಿರುವ ವಸ್ತುವನ್ನು ಕಂಪ್ಯೂಟರು ತಾನಾಗಿಯೇ ತಡೆಹಿಡಿಯುತ್ತದೆ, ಮೂರು ತಿಂಗಳ ನಂತರ ಪರಿಶೀಲನೆ.

"ಅದು ಕುಸಿದಿಲ್ಲ ಸ್ವಾಮಿ. ಮೊದಲು ಬರೀತಿದ್ದದ್ದು ಸುಳ್ಳು, ಈಗ ಬರೆದದ್ದು ನಿಜ."

ಅತ್ತ ಕಡೆಯಿಂದ ಪ್ರಶ್ನೆ ಬಂತು. "ಹಾಗಂತ ಬರೆದುಕೊಡ್ತೀರಾ? ಹತ್ತು ವರ್ಷ ಸುಳ್ಳು ಬರೆದಿದೀನಿ ಅಂತ?"

ಅರ್ಧಪ್ಪ ಫೋನ್ ಇಟ್ಟರು. ಸುಳ್ಳಿಗೆ ಟ್ಯೂನ್ ಆದ ಯಂತ್ರದೊಳಗೆ ಒಂದು ನಿಜ ಬಿದ್ದರೆ ಅದು ಕಾಯಿಲೆಯಂತೆ ಕಾಣುತ್ತದೆ. ಕಂಪ್ಯೂಟರನ್ನು ಬೈಯುವ ಹಾಗೂ ಇಲ್ಲ, ಅದು ಹತ್ತು ವರ್ಷ ಇವರೇ ಕಲಿಸಿದ ಪಾಠವನ್ನು ಒಪ್ಪಿಸಿತು ಅಷ್ಟೇ. ಬೈಯಬೇಕಾದದ್ದು, ಪಾಠವನ್ನೇ ನೋಡದೆ ವಿದ್ಯಾರ್ಥಿಗೆ ಹೊಸ ಬೆಂಚು ತಂದುಕೊಟ್ಟವರನ್ನು. ಹೊರಗಿನಿಂದ ಕೊಳ್ಳೋಣವೆಂದರೆ, ಡಿಪೋದಲ್ಲಿ ಬೇಡಿಕೆಯಿಲ್ಲ ಎಂದು ನಮೂದಾದ ವಸ್ತುವನ್ನು ಆಸ್ಪತ್ರೆ ಕೊಳ್ಳುವಂತಿಲ್ಲ. ಬೇಡಿಕೆ ಇದೆ ಎಂದು ಮತ್ತೆ ನಮೂದಾಗಲು ಮೂರು ತಿಂಗಳು. ಊರಿನ ಔಷಧದಂಗಡಿಗಳಲ್ಲಿ ತಂಪಿನಲ್ಲಿಡುವ ಆ ಮದ್ದು ಸಿಗುತ್ತಿರಲಿಲ್ಲ.

ಆ ವಾರವೇ ಅಂಚೆಯಲ್ಲಿ ಒಂದು ಪ್ರಶಂಸಾಪತ್ರ ಬಂತು. ಹೆರಿಗೆಯ ನಂತರದ ರಕ್ತಸ್ರಾವವನ್ನು ಒಂದೇ ತಿಂಗಳಲ್ಲಿ ಅರ್ಧಕ್ಕೆ ಇಳಿಸಿದ್ದಕ್ಕೆ ಈ ಆಸ್ಪತ್ರೆಗೆ ಅಭಿನಂದನೆ. ಬೇಡಿಕೆ ಅರ್ಧವಾಯಿತಲ್ಲ, ಹಾಗಾದರೆ ರಕ್ತವೂ ಅರ್ಧವಾಗಿರಲೇಬೇಕು. ಮುಖ್ಯ ವೈದ್ಯರು ಅದಕ್ಕೆ ಗಾಜು ಹಾಕಿಸಿ ಹೆರಿಗೆ ವಾರ್ಡಿನ ಬಾಗಿಲ ಮೇಲೆ ತೂಗುಹಾಕಿಸಿದರು, ಫೋಟೋ ತೆಗೆಯುವಾಗ ಸಿಸ್ಟರಮ್ಮನನ್ನೂ ಕರೆದರು. ಸಿಸ್ಟರಮ್ಮ ಬರಲಿಲ್ಲ. ಹಲಗೆಯ ಮುಂದೆ ಅರ್ಧಪ್ಪನವರನ್ನು ನಿಲ್ಲಿಸಿಕೊಂಡು ಲೆಕ್ಕ ತೋರಿಸಿದರು. ಉಳಿದದ್ದು ಮೂವತ್ತನಾಲ್ಕು. ಮೂರು ದಿನಕ್ಕೆ ಎಂಟರಂತೆ ಖರ್ಚು. ಹದಿನೇಳಕ್ಕೆ ಖಾಲಿ.

"ನಿಮ್ಮ ಮಗಳಿಗೆ ಯಾವತ್ತು?"

"ಇಪ್ಪತ್ತು."

"ಸರಿ ಹೋಯ್ತು," ಎಂದರು ಸಿಸ್ಟರಮ್ಮ. "ನಿಮ್ಮ ಮಗಳಿಗೆ ಅಂತ ಒಂದು ತೆಗೆದಿಡ್ತೀನಿ ಅಂದ್ಕೋಬೇಡಿ. ಹದಿನಾರನೇ ತಾರೀಖು ಬರೋಳೂ ಯಾರದೋ ಮಗಳೇ."

ಅರ್ಧಪ್ಪ ತೆಗೆದಿಡಿ ಎಂದು ಕೇಳಿಯೂ ಇರಲಿಲ್ಲ. ಕೇಳಬೇಕೆಂದು ಬಾಯಿಗೆ ಬಂದಿತ್ತು, ಅಷ್ಟೇ.

ಮರುದಿನ ಅವರು ಇಡೀ ಆಸ್ಪತ್ರೆ ಜಾಲಾಡಿದರು. ಯಾರಾದರೂ ಎಲ್ಲಾದರೂ ಬಚ್ಚಿಟ್ಟಿರಲೇಬೇಕು ಎಂಬುದು ಅವರ ಇಪ್ಪತ್ತಾರು ವರ್ಷದ ನಂಬಿಕೆ. ಸಿಕ್ಕಿದವುಗಳ ಪಟ್ಟಿ ಕೊಡಲು ನಾಚಿಕೆಯಾಗುತ್ತದೆ. ಎಕ್ಸ್‌ರೇ ಕೋಣೆಯ ಕಪ್ಪು ಪೆಟ್ಟಿಗೆಯಲ್ಲಿ ಕೆಮ್ಮಿನ ಔಷಧ. ಪ್ರಯೋಗಾಲಯದ ನಿಂತ ಗಡಿಯಾರದ ಹೊಟ್ಟೆಯಲ್ಲಿ ಸೂಜಿಗಳು. ಮಕ್ಕಳ ವಾರ್ಡಿನಲ್ಲಿ ಒಂದು ಮಂಚದ ಮೇಲೆ ಹೊದಿಕೆ ಹೊದ್ದು ಮಲಗಿದ್ದ ರೋಗಿಯನ್ನು ಮುಟ್ಟಿ ನೋಡಿದರೆ ಅರವತ್ತು ಗ್ಲೂಕೋಸ್ ಬಾಟಲಿ. ಆ ಬಾಟಲಿಗಳಿಗೆ ಜ್ವರದ ಚಾರ್ಟೂ ಇತ್ತು, ದಿನಾ ಬೆಳಿಗ್ಗೆ ಯಾರೋ ತುಂಬುತ್ತಿದ್ದರು.

ಕಣ್ಣಿನ ವಿಭಾಗದ ಫ್ರಿಜ್ಜಿನಲ್ಲಿ, ಕಣ್ಣಿನ ಹನಿಗಳ ಹಿಂದೆ, ಆ ಶೀಷೆಗಳು ಸಿಕ್ಕವು. ಹೆರಿಗೆಯ ಚುಚ್ಚುಮದ್ದು, ಅರವತ್ತು. ಅರ್ಧಪ್ಪ ಒಂದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು.

ಅವರು ಕಣ್ಣಿನ ಡಾಕ್ಟರನ್ನು ಬೈಯಲಿಲ್ಲ, ನಿಮಗೇಕೆ ಇದು ಎಂದು ಮಾತ್ರ ಕೇಳಿದರು. ಡಾಕ್ಟರು ಒಳ್ಳೆಯ ಮನುಷ್ಯ, ಮುಖ ಕೆಂಪಾಯಿತು. ಯಾವುದೋ ವರ್ಷ ಫಾರಮ್ಮಿನಲ್ಲಿ ಆ ಸಾಲಿತ್ತಂತೆ. ಖಾಲಿ ಬಿಟ್ಟರೆ ಮುಂದಿನ ವರ್ಷ ಅದರ ಜೊತೆ ಪಕ್ಕದ ಸಾಲೂ ಹೋಗಿಬಿಡುತ್ತದೆ ಎಂದು ಯಾರೋ ಹೇಳಿದ್ದರಂತೆ. ಪಕ್ಕದ ಸಾಲಿನಲ್ಲಿ ಇದ್ದದ್ದು ಕಣ್ಣಿನ ಹನಿ. "ಕೇಳಿಟ್ಟೆ ಕಣ್ರೀ. ಕೊಟ್ಟಿದ್ದೂ ನೀವೇ ಅಲ್ವಾ?" ಎಂದರು. ಹೌದು. ಕಣ್ಣಿನ ವಿಭಾಗದ ಲೆಕ್ಕದಲ್ಲಿ ಬೇರೆಯೇ ತರಿಸಿ, ನೂರ ಇಪ್ಪತ್ತು ಕೇಳಿದ್ದಕ್ಕೆ ಅರವತ್ತು ಕೊಟ್ಟಿದ್ದರು. ಅಷ್ಟು ಉಳಿಸಿದೆ ಎಂದು ಆಗ ಖುಷಿಪಟ್ಟದ್ದೂ ನೆನಪಾಯಿತು. ಒಂದು ಮಹಡಿ ಕೆಳಗೆ ಹೆಂಗಸರು ಹೆರುತ್ತಿದ್ದ ಕಟ್ಟಡದಲ್ಲಿ ಆ ಮದ್ದು ಎರಡು ವರ್ಷ ತಣ್ಣಗೆ ಕೂತು ಸತ್ತಿತ್ತು.

ಹನ್ನೆರಡನೇ ತಾರೀಖಿಗೆ ಉಳಿದದ್ದು ಹದಿನೈದು. ಅರ್ಧಪ್ಪನವರಿಗೆ ತಮ್ಮ ಷಡ್ಡಕ ನೆನಪಾದ. ಹೆಂಡತಿಯ ತಂಗಿಯ ಗಂಡ, ಎರಡು ಗಂಟೆ ಬಸ್ಸಿನ ದೂರದ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಅವನೂ ಉಗ್ರಾಣದವನೇ. ಮದುವೆ ಮನೆಗಳಲ್ಲಿ ಭೇಟಿಯಾದಾಗ ಇಬ್ಬರೂ ಒಬ್ಬರಿಗೊಬ್ಬರು ಮೊದಲು ಹೇಳುವ ಮಾತು, ನಮ್ಮಲ್ಲೇನೂ ಸ್ಟಾಕಿಲ್ಲಪ್ಪ. ಆರೋಗ್ಯ ಕೇಳುವುದು ಆಮೇಲೆ. ಫೋನಿನಲ್ಲಿ ಕೇಳಿದರೆ ಏನು ಉತ್ತರ ಬರುತ್ತದೆಂದು ಅರ್ಧಪ್ಪನವರಿಗೆ ಗೊತ್ತಿತ್ತು, ತಾವಾಗಿದ್ದರೂ ಅದನ್ನೇ ಹೇಳುತ್ತಿದ್ದರು. ಎಂಬತ್ತು ಬೇಕೆಂದರೆ ನಲವತ್ತು ಎನ್ನುತ್ತಾನೆ, ನೂರ ಅರವತ್ತು ಕೇಳಿಬಿಡಲೇ ಎಂದು ಅವರು ಸಿಸ್ಟರಮ್ಮನ ಸಲಹೆ ಕೇಳಿದರು.

ಸಿಸ್ಟರಮ್ಮ ಸುತ್ತಿಗೆ ತರಿಸಿ ಗೋಡೆಯಿಂದ ಕರಿಹಲಗೆಯನ್ನೇ ಕೀಳಿಸಿದರು. "ಏನೂ ಕೇಳ್ಬೇಡಿ. ಇದನ್ನ ತೋರ್ಸಿ."

ಕಾಗದದಲ್ಲಿ ಬರೆದುಕೊಳ್ಳುತ್ತೇನೆ ಎಂದರು ಅರ್ಧಪ್ಪ. ಬೇಡ, ನೀವು ಬರೆದುಕೊಂಡರೆ ದಾರಿಯಲ್ಲಿ ಏನಾದರೂ ಮಾಡುತ್ತೀರಿ, ನಿಮ್ಮ ಕೈ ಸುಮ್ಮನಿರುವುದಿಲ್ಲ, ಎಂದರು ಸಿಸ್ಟರಮ್ಮ.

ಹೀಗಾಗಿ ಐವತ್ತೇಳು ವರ್ಷದ ಒಬ್ಬ ಸರ್ಕಾರಿ ನೌಕರ ಬಾಗಿಲಿನಷ್ಟು ದೊಡ್ಡ ಕರಿಹಲಗೆ, ಒಂದು ಐಸ್ ಪೆಟ್ಟಿಗೆ ಹೊತ್ತು ಬೆಳಗಿನ ಬಸ್ಸು ಹತ್ತಿದ. ಸೀಮೆಸುಣ್ಣದ ಅಕ್ಷರ ಅಳಿಸದ ಹಾಗೆ ಎರಡು ಗಂಟೆ ಕಾಯಬೇಕು. ಬಸ್ಸು ತುಂಬಿತ್ತು. ಕಂಡಕ್ಟರ್ ಹಲಗೆಯನ್ನು ಹಿಂದಕ್ಕೆ ನಿಲ್ಲಿಸಲು ಹೇಳಿದ. ಹಿಂದೆ ನಿಂತವರು ಓದಲು ಶುರುಮಾಡಿದರು. ಎಂಟನೇ ತಾರೀಖು ಹೆರಿಗೆ ಎರಡು, ಶೀಷೆ ಐದು ಎಂದಿದೆಯಲ್ಲ, ಯಾಕೆ ಎಂದು ಒಬ್ಬ ಮುದುಕಿ ಕೇಳಿದಳು. ಒಬ್ಬಳಿಗೆ ನಿಲ್ಲಲಿಲ್ಲವಂತೆ, ನಾಲ್ಕು ಬೇಕಾಯಿತಂತೆ, ಎಂದರು ಅರ್ಧಪ್ಪ. ಬದುಕಿದಳಾ ಎಂದು ಮುಂದಿನ ಸೀಟಿನವನು ತಿರುಗಿದ. ಬದುಕಿದಳು. ಅದಾದ ಮೇಲೆ ಯಾರೂ ಆ ಹಲಗೆಗೆ ಒರಗಲಿಲ್ಲ. ಬಸ್ಸು ಉಸಿರುಗಟ್ಟುವಷ್ಟು ತುಂಬಿದಾಗಲೂ ಅದರ ಮುಂದೆ ಒಂದು ಗೇಣು ಜಾಗ ಖಾಲಿ ಇತ್ತು, ಆ ಮುದುಕಿಯೇ ಕೊಡೆ ಅಡ್ಡ ಹಿಡಿದು ಕಾಯುತ್ತಿದ್ದಳು.

ಷಡ್ಡಕ ಇವರನ್ನು ನೋಡಿದ ಕೂಡಲೇ ಹೇಳಬೇಕಾದ್ದನ್ನು ಹೇಳಿದ. ಸ್ಟಾಕಿಲ್ಲ. ಯಾವುದು ಎಂದು ಅವನಿಗಿನ್ನೂ ಗೊತ್ತಿರಲಿಲ್ಲ. ಅರ್ಧಪ್ಪ ಮಾತಾಡದೆ ಹಲಗೆಯನ್ನು ಅವನ ಮೇಜಿಗೆ ಒರಗಿಸಿ ನಿಲ್ಲಿಸಿದರು. ಅವನು ಕನ್ನಡಕ ಹಾಕಿಕೊಂಡು ಓದಿದ. ಅಭ್ಯಾಸಬಲದಿಂದ ಅವನ ಕೈ ಜೇಬಿನ ಪೆನ್ನಿಗೆ ಹೋಯಿತು, ಅರ್ಧ ದಾರಿಯಲ್ಲಿ ನಿಂತಿತು.

"ಇದ್ರಲ್ಲಿ ನೀನು ಕೇಳಿರೋದು ಎಲ್ಲಿದೆ ಭಾವ?"

"ಕೇಳಿಲ್ಲ. ಖರ್ಚಾಗಿರೋದು."

"ಕೇಳಿದ್ರೆ ಕಡಿಮೆ ಮಾಡಬಹುದಿತ್ತು," ಎಂದ ಷಡ್ಡಕ, ಸ್ವಲ್ಪ ಬೇಸರದಿಂದಲೇ. "ಖರ್ಚಾಗಿರೋದನ್ನ ಏನಂತ ಕಡಿಮೆ ಮಾಡ್ಲಿ. ಹೆತ್ತಾಗಿದೆಯಲ್ಲ."

ಅವನ ಫ್ರಿಜ್ಜಿನಲ್ಲಿ ಮುನ್ನೂರ ಹತ್ತು ಶೀಷೆಗಳಿದ್ದವು. ಅವನ ಹೆರಿಗೆ ವಾರ್ಡಿಗೆ ತಿಂಗಳಿಗೆ ಐವತ್ತು ಬೇಕಿತ್ತು, ಅವನು ಮುನ್ನೂರು ಬರೆದಿದ್ದ, ಕಂಪ್ಯೂಟರು ಮುನ್ನೂರು ಕಳಿಸಿತ್ತು. ಅರ್ಧಕ್ಕರ್ಧ ಮೂರು ತಿಂಗಳಲ್ಲಿ ಕೆಡುವಂಥವು. ಆದರೆ ಅವನ ಪುಸ್ತಕದ ಪ್ರಕಾರ ಫ್ರಿಜ್ಜು ಖಾಲಿ. ಸ್ಟಾಕಿದೆ ಎಂದು ತೋರಿಸಿದರೆ ಮುಂದಿನ ತಿಂಗಳು ಕಳಿಸುವುದಿಲ್ಲವಲ್ಲ. ಅವನ ಸಂಕಟ ಅದೇ.

"ಇಲ್ಲದ್ದನ್ನ ನಿನಗೆ ಹೇಗೆ ಕೊಡ್ಲಿ? ಕೊಟ್ರೆ ಇತ್ತು ಅಂತಾಗುತ್ತೆ."

ಅರ್ಧಪ್ಪ ಆಗ ತಮ್ಮ ಇಡೀ ವೃತ್ತಿಜೀವನದಲ್ಲಿ ಯಾರಿಗೂ ಹೇಳದ ಮಾತನ್ನು ಹೇಳಿದರು. ನನ್ನಲ್ಲಿದೆ, ಎಂದರು. ನಾಲ್ಕು ಸಾವಿರದ ಎಂಟುನೂರು ಮೂತ್ರದ ನಳಿಕೆ ಈಗ ಬಂದದ್ದು, ಹಳೆಯದು ಬೇರೆ, ನಿನಗೆಷ್ಟು ಬೇಕು. ಷಡ್ಡಕ ಕುರ್ಚಿಯಲ್ಲಿ ಕೂತುಬಿಟ್ಟ. ಅವನ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಎಂಟು ದಿನದಿಂದ ಒಂದೂ ಇರಲಿಲ್ಲ, ಮುದುಕರು ನೋವಿನಿಂದ ಕೂಗುತ್ತಿದ್ದರು. ಎಷ್ಟು ಬೇಕು ಎಂದು ಮತ್ತೆ ಕೇಳಿದಾಗ ಅವನು ಬಾಯಿ ತೆರೆದು, ಮುಚ್ಚಿ, ಎದ್ದು ವಾರ್ಡಿಗೆ ಹೋಗಿ, ಮಂಚಗಳನ್ನು ಬೆರಳು ಮಡಿಸಿ ಎಣಿಸಿಕೊಂಡು ಬಂದ. ತಿಂಗಳಿಗೆ ಮೂವತ್ತೈದು, ಎಂದ. ಅಷ್ಟು ಸಣ್ಣ ಸಂಖ್ಯೆಯನ್ನು ಹೇಳಲು ಅವನಿಗೆ ಮೈ ಜುಮ್ಮೆಂದಿರಬೇಕು.

ಅರ್ಧಪ್ಪ ಎಂಬತ್ತು ಶೀಷೆ ಐಸಿನಲ್ಲಿಟ್ಟುಕೊಂಡು ಬಂದರು. ಹಲಗೆ ಮತ್ತೆ ಗೋಡೆಗೇರಿತು. ಮರುದಿನ ನಳಿಕೆಗಳು ಅದೇ ಬಸ್ಸಿನಲ್ಲಿ ಹೋದವು. ಇದಕ್ಕೆ ಯಾವ ಫಾರಮ್ಮೂ ಇರಲಿಲ್ಲ, ಆದ್ದರಿಂದ ಇದು ಅಪರಾಧ. ಉಪಯೋಗಕ್ಕೆ ಬಾರದೆ ಕೊಳೆಯಲು ಬಿಡುವುದಕ್ಕೆ ಮಾತ್ರ ಫಾರಮ್ಮಿತ್ತು, ಮೂರು ಪ್ರತಿಗಳಲ್ಲಿ.

ಮಗಳಿಗೆ ಹತ್ತೊಂಬತ್ತಕ್ಕೇ ನೋವು ಬಂತು. ಹಲಗೆ ಬಸ್ಸು ಹತ್ತದೆ ಇದ್ದಿದ್ದರೆ ಅಂದಿಗೆ ಫ್ರಿಜ್ಜು ಖಾಲಿಯಾಗಿ ಎರಡು ದಿನವಾಗಿರುತ್ತಿತ್ತು. ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಮಗು ಅತ್ತಿತು. ಅರ್ಧಪ್ಪನವರ ಹೆಂಡತಿ ಬಾಗಿಲ ಬಳಿ ಕಣ್ಣೊರೆಸಿಕೊಂಡರು. ಆಮೇಲೆ ಸಿಸ್ಟರಮ್ಮ ಒಮ್ಮೆ ಹೊರಗೆ ಬಂದರು, ಫ್ರಿಜ್ಜು ತೆರೆದರು, ಯಾರನ್ನೂ ನೋಡದೆ, ನಿಲ್ತಾ ಇಲ್ಲ, ಎಂದು ಹೇಳಿ ಒಳಗೆ ಹೋದರು. ಮತ್ತೊಮ್ಮೆ ಬಂದರು, ಮತ್ತೆ ಫ್ರಿಜ್ಜು. ಅರ್ಧಪ್ಪ ಹಿಂದೆಯೇ ಹೋಗಲು ನೋಡಿದರು.

"ಇಲ್ಲಿ ನಿಂತು ಏನ್ಮಾಡ್ತೀರಿ," ಎಂದರು ಸಿಸ್ಟರಮ್ಮ. "ಹೋಗಿ ಏನಾದ್ರೂ ಎಣಿಸಿ."

ಅವರು ಓಣಿಯ ನೆಲದ ಕಲ್ಲುಗಳನ್ನು ಎಣಿಸಿದರು. ಇನ್ನೂರ ನಲವತ್ತಕ್ಕೆ ಲೆಕ್ಕ ತಪ್ಪಿತು. ಮೊದಲಿಂದ ಶುರುಮಾಡಿದರು, ತಪ್ಪಿತು. ಮೂರು ಗಂಟೆ ಹತ್ತು ನಿಮಿಷಕ್ಕೆ ಸಿಸ್ಟರಮ್ಮ ಹೊರಬಂದು ಕೈ ಒರೆಸಿಕೊಳ್ಳುತ್ತಾ ಗೋಡೆಗೊರಗಿದರು.

"ನಿಂತಿತು. ನಾಲ್ಕು ಹಾಕ್ದೆ."

ಬಸ್ಸು ಹತ್ತಿದ ಹಲಗೆಯ ಸುದ್ದಿ ಡಿಪೋವರೆಗೂ ಮುಟ್ಟಿರಬೇಕು, ವಾರ ಕಳೆಯುವಷ್ಟರಲ್ಲಿ ಅಲ್ಲಿಂದ ಕಾರಣ ಕೇಳುವ ನೋಟೀಸು ಬಂತು. ಬೇಡಿಕೆಯೇ ಇಲ್ಲದ ವಸ್ತುವನ್ನು ಅನ್ಯ ಸಂಸ್ಥೆಯಿಂದ ಅನುಮತಿಯಿಲ್ಲದೆ ತರುವ ಅಗತ್ಯವೇನಿತ್ತು, ಮೂರು ದಿನದೊಳಗೆ ವಿವರಿಸಿ. ಅರ್ಧಪ್ಪ ಉದ್ದದ ಉತ್ತರ ಬರೆಯಲು ಕೂತು ಎರಡು ಹಾಳೆ ಹರಿದರು. ಕೊನೆಗೆ ಕಳಿಸಿದ್ದು ಇಷ್ಟು: ಹತ್ತೊಂಬತ್ತನೇ ತಾರೀಖು, ಮಧ್ಯಾಹ್ನ ಮೂರು ಹತ್ತು, ನಾಲ್ಕು.

ಅದಕ್ಕೆ ಮರುಪತ್ರ ಬಂದಾಗ ಅವರು ಮನೆಯಲ್ಲಿದ್ದರು. ಬಾಣಂತಿ ಕೋಣೆಯಲ್ಲಿ ಮಗಳು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಮುಖಕ್ಕೆ ಬಣ್ಣ ಇನ್ನೂ ಪೂರ್ತಿ ಮರಳಿರಲಿಲ್ಲ. ಅವರು ಪತ್ರವನ್ನು ಗಟ್ಟಿಯಾಗಿ ಓದಿದರು: ತಾವು ನಮೂದಿಸಿರುವ ನಾಲ್ಕು ಎಂಬುದು ಬೇಡಿಕೆಯೋ ಬಳಕೆಯೋ ಎಂಬುದನ್ನು ಸ್ಪಷ್ಟಪಡಿಸತಕ್ಕದ್ದು.

ಮಗಳು ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು. "ಬಳಕೆ ಅಂತ ಬರಿ ಅಪ್ಪ," ಎಂದಳು. "ಬೇಕಿದ್ರೆ ನನ್ನನ್ನೇ ಕರ್ಕೊಂಡು ಹೋಗಿ ತೋರ್ಸು."

ಅರ್ಧಪ್ಪ ಬಳಕೆ ಎಂದು ಬರೆದು, ಕೆಳಗೆ ಒಂದು ಗೆರೆ ಎಳೆದು, ಮಗಳ ಕೈಗೆ ಪೆನ್ನು ಕೊಟ್ಟರು. ಅವಳು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದಳು.